ಸೂಜಿಗೆ ಹೆದರಿದವರು, ಸೂಜಿಗಾಗಿ ಅಲೆದವರು

ಜನವರಿಯಲ್ಲಿ ‘ನಮಗ್ಯಾಕೆ’ ಎಂದ ಊರೇ ಮೇ ತಿಂಗಳಲ್ಲಿ ‘ನಮಗೆ ಯಾಕಿಲ್ಲ’ ಎಂದು ಸಾಲು ನಿಂತಿತು. ಕೋವಿಡ್ ಲಸಿಕೆ ಅಭಿಯಾನ ಶುರುವಾಗಿ ಐದು ವರ್ಷ ತುಂಬಿದರೂ ಅಂದಿನ ಅನುಮಾನ ಇನ್ನೂ ಜೀವಂತ. ಜನ ಹೆದರಿದ್ದು ಯಾವುದಕ್ಕೆ? ನಂಬಿದ್ದು ಯಾರನ್ನು?

ಸೀಸೆ ಹೆಬ್ಬೆರಳಷ್ಟು. ಒಳಗೆ ಐದು ಎಂ.ಎಲ್. ಲಸಿಕೆ, ಹತ್ತು ಜನಕ್ಕೆ ಅರ್ಧರ್ಧ ಎಂ.ಎಲ್. ರಬ್ಬರ್ ಮುಚ್ಚಳಕ್ಕೆ ಒಮ್ಮೆ ಸೂಜಿ ಚುಚ್ಚಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಉಳಿದರೆ ಚೆಲ್ಲಬೇಕು.

ಸಿಸ್ಟರ್ ಐಸ್‌ಪ್ಯಾಕ್‌ಗಳ ನಡುವಿನಿಂದ ಸೀಸೆ ತೆಗೆಯುತ್ತಾರೆ. ಬೆಂಚಿನ ಕಡೆ ನೋಡಿ ತಲೆ ಎಣಿಸುತ್ತಾರೆ. ಆರು ಜನ. ಸೀಸೆ ಮತ್ತೆ ಡಬ್ಬಿಯೊಳಗೆ. ‘ಇನ್ನೂ ನಾಲ್ಕು ಜನ ಬರ್ಲಿ ಸಾರ್, ಕೂತಿರಿ’ ಎಂದು ಫೋನ್ ಹಿಡಿಯುತ್ತಾರೆ. ‘ಮೇಡಂ, ಇವತ್ತಿನ ಲಿಸ್ಟಲ್ಲಿ ನಿಮ್ಮ ಹೆಸರಿದೆ.’ ಆಚೆಯಿಂದ ಉತ್ತರ: ‘ಮನೇಲಿ ಪೂಜೆ ಇದೆ, ನಾಳೆ ನೋಡೋಣ.’ ಹಾಗೆ ಹೇಳುವವರು ಹಳ್ಳಿಯ ಅಮಾಯಕರಲ್ಲ, ಆರೋಗ್ಯ ಇಲಾಖೆಯವರೇ. 2021ರ ಜನವರಿಯಲ್ಲಿ ಲಸಿಕೆ ಇದ್ದದ್ದು ಅವರಿಗೆ ಮಾತ್ರ.

ಅದೇ ಜಗುಲಿಯನ್ನು ಮೇ ತಿಂಗಳಲ್ಲಿ ನೋಡಬೇಕಿತ್ತು. ಬೆಳಗಿನ ಜಾವ ಐದಕ್ಕೇ ಗೇಟಿನ ಮುಂದೆ ಚಪ್ಪಲಿಗಳ ಸಾಲು. ಯಜಮಾನರು ಬೇವಿನ ಮರದ ಕೆಳಗೆ, ಅವರ ಜಾಗದಲ್ಲಿ ಅವರ ಚಪ್ಪಲಿ. ಒಂಬತ್ತಕ್ಕೆ ಬಾಗಿಲು ತೆರೆದರೆ ಬೋರ್ಡಿನ ಮೇಲೆ ಸೀಮೆಸುಣ್ಣದ ಬರಹ: ‘ಲಸಿಕೆ ದಾಸ್ತಾನು ಇಲ್ಲ’. ಅದೇ ಸಿಸ್ಟರ್‌ಗೆ ಈಗ ಬೈಗುಳ. ‘ನಿಮ್ಮ ಕಡೆಯವರಿಗೆ ಎತ್ತಿಟ್ಟಿದ್ದೀರಿ ಅಲ್ವಾ?’

ನಾಲ್ಕು ತಿಂಗಳಲ್ಲಿ ಸೀಸೆ ಬದಲಾಗಿರಲಿಲ್ಲ, ಲಸಿಕೆಯೂ ಬದಲಾಗಿರಲಿಲ್ಲ. ಬದಲಾಗಿದ್ದು ಊರಿನ ಸ್ಮಶಾನದ ಲೆಕ್ಕ.

ಮೊದಲ ದಿನದ ಹಿಂಜರಿಕೆ

ಜನವರಿ 16, 2021. ದೇಶದಾದ್ಯಂತ 3,006 ಕೇಂದ್ರಗಳಲ್ಲಿ ಏಕಕಾಲಕ್ಕೆ ಶುರುವಾದ ಅಭಿಯಾನದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಮೊದಲು ತೋಳು ಒಡ್ಡಿದ್ದು ಒಬ್ಬ ಸ್ವಚ್ಛತಾ ಸಿಬ್ಬಂದಿ. ಸಂಜೆಯ ಹೊತ್ತಿಗೆ ಸುಮಾರು 1.9 ಲಕ್ಷ ಜನ ಲಸಿಕೆ ಪಡೆದಿದ್ದರು. ಪಟ್ಟಿಯಲ್ಲಿದ್ದವರೆಲ್ಲ ಬಂದಿರಲಿಲ್ಲ.

ಅನುಮಾನಕ್ಕೆ ಕಾರಣ ಇರಲಿಲ್ಲವೆಂದಲ್ಲ. ಜನವರಿ 3ರಂದು ಎರಡು ಲಸಿಕೆಗೆ ಒಟ್ಟಿಗೆ ಅನುಮತಿ ಸಿಕ್ಕಿತು. ಆಕ್ಸ್‌ಫರ್ಡ್-ಆಸ್ಟ್ರಾಜೆನೆಕಾ ಸೂತ್ರದಿಂದ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಕೋವಿಶೀಲ್ಡ್ ಒಂದು. ಹೈದರಾಬಾದಿನ ಭಾರತ್ ಬಯೋಟೆಕ್ ಮತ್ತು ಐಸಿಎಂಆರ್ ಸೇರಿ ರೂಪಿಸಿದ ಕೋವ್ಯಾಕ್ಸಿನ್ ಇನ್ನೊಂದು. ಎರಡನೆಯದರ ಮೂರನೇ ಹಂತದ ಪರೀಕ್ಷೆ ಇನ್ನೂ ನಡೆಯುತ್ತಿತ್ತು, ಫಲಿತಾಂಶ ಬಂದಿರಲಿಲ್ಲ. ಹಾಕಿಸಿಕೊಳ್ಳುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ದೆಹಲಿಯ ರಾಮ ಮನೋಹರ ಲೋಹಿಯಾ ಆಸ್ಪತ್ರೆಯ ಕಿರಿಯ ವೈದ್ಯರು ಅಭಿಯಾನದ ದಿನವೇ ‘ನಮಗೆ ಕೋವಿಶೀಲ್ಡ್ ಕೊಡಿ’ ಎಂದು ಪತ್ರ ಬರೆದರು.

ಡಾಕ್ಟರೇ ಆಯ್ಕೆ ಮಾಡುವಾಗ ಬಸ್ ಕಂಡಕ್ಟರ್ ಯೋಚಿಸುವುದು ತಪ್ಪೇ?

ಕೋವ್ಯಾಕ್ಸಿನ್ ಕೊನೆಗೆ ಪರೀಕ್ಷೆ ಪಾಸಾಯಿತು. 25,800 ಜನರ ಮೇಲಿನ ಪ್ರಯೋಗದಲ್ಲಿ ಶೇ 77.8ರಷ್ಟು ಪರಿಣಾಮಕಾರಿ ಎಂಬ ಅಂಕಿ ಜುಲೈನಲ್ಲಿ ಹೊರಬಂತು. ವಿಶ್ವ ಆರೋಗ್ಯ ಸಂಸ್ಥೆಯ ಮೊಹರು ಬಿದ್ದದ್ದು ನವೆಂಬರ್ 3ಕ್ಕೆ. ಆದರೆ ಉತ್ತರಪತ್ರಿಕೆ ಬರುವ ಮೊದಲೇ ಅಂಕಪಟ್ಟಿ ಕೊಟ್ಟದ್ದು ಲಸಿಕೆಗೇ ಮಾಡಿದ ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ಆರು ತಿಂಗಳ ಸಂಶಯವನ್ನು ಅದು ಪುಕ್ಕಟೆ ಹೊತ್ತು ತಿರುಗಬೇಕಾಯಿತು.

ಅಭಿಯಾನಕ್ಕೆ ಮೂರು ದಿನ ತುಂಬುವ ಮೊದಲೇ ನಮ್ಮ ಬಳ್ಳಾರಿ ಜಿಲ್ಲೆಯಿಂದ ಸುದ್ದಿ ಬಂತು: 16ರಂದು ಲಸಿಕೆ ಪಡೆದಿದ್ದ ಆರೋಗ್ಯ ಇಲಾಖೆಯ ನೌಕರರೊಬ್ಬರು 18ರಂದು ತೀರಿಕೊಂಡರು. ಸಾವಿಗೆ ಹೃದಯದ ತೊಂದರೆ ಕಾರಣ, ಲಸಿಕೆಗೆ ಸಂಬಂಧವಿಲ್ಲ ಎಂದು ಸರ್ಕಾರ ಹೇಳಿತು. ಸಾವಿನ ಸುದ್ದಿ ಊರೂರು ಸುತ್ತಿತು. ಸ್ಪಷ್ಟನೆ ಪತ್ರಿಕೆಯ ಒಳಪುಟದಲ್ಲಿ ಉಳಿಯಿತು.

ಉತ್ಸವದ ಹೊತ್ತಿಗೆ ಉಗ್ರಾಣ ಖಾಲಿ

ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ, ಏಪ್ರಿಲ್ 1ರಿಂದ ನಲವತ್ತೈದು ದಾಟಿದವರಿಗೆ ಬಾಗಿಲು ತೆರೆಯಿತು. ಏಪ್ರಿಲ್ 11ರಿಂದ ನಾಲ್ಕು ದಿನ ‘ಲಸಿಕಾ ಉತ್ಸವ’ವೂ ಘೋಷಣೆಯಾಯಿತು. ಅಷ್ಟರಲ್ಲಿ ಎರಡನೇ ಅಲೆ ಮೇಲೆದ್ದಿತ್ತು, ಹಲವು ರಾಜ್ಯಗಳು ದಾಸ್ತಾನು ಸಾಲದೆಂದು ಕೂಗತೊಡಗಿದ್ದವು.

ನೂರ ಮೂವತ್ತು ಕೋಟಿ ಜನರ ದೇಶ ಜನವರಿಯಲ್ಲಿ ಇಟ್ಟ ಮೊದಲ ಆರ್ಡರ್ 1.1 ಕೋಟಿ ಡೋಸ್ ಕೋವಿಶೀಲ್ಡ್, 55 ಲಕ್ಷ ಡೋಸ್ ಕೋವ್ಯಾಕ್ಸಿನ್. ‘ಲಸಿಕಾ ಮೈತ್ರಿ’ಯ ಹೆಸರಲ್ಲಿ ಹೊರದೇಶಗಳಿಗೂ ಕೋಟಿಗಟ್ಟಲೆ ಡೋಸ್ ಹೋಗಿತ್ತು. ಭೂತಾನ್, ಮಾಲ್ಡೀವ್ಸ್‌ನಂಥ ನೆರೆಯವರಿಗೆ ಕೊಟ್ಟದ್ದಕ್ಕೆ ನನ್ನದೇನೂ ತಕರಾರಿಲ್ಲ. ಮನೆಯ ಅಗತ್ಯಕ್ಕೆ ತಕ್ಕಷ್ಟು ಮುಂಗಡ ಕೊಟ್ಟು ಕಾಯ್ದಿರಿಸಲಿಲ್ಲವಲ್ಲ, ಸಂಕಟ ಅಲ್ಲಿದೆ.

ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದ ದುರಂತ. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ. ಈ ಎರಡು ಸುದ್ದಿಗಳ ನಡುವೆ ಲಸಿಕೆಯ ಬಗ್ಗೆ ಇದ್ದ ಬಹುತೇಕ ಚರ್ಚೆ ನಿಂತುಹೋಯಿತು. ಯಾವ ಕಂಪನಿ, ಎಷ್ಟು ಪರ್ಸೆಂಟ್ ಎಂದು ಕೇಳುತ್ತಿದ್ದವರು ‘ಯಾವುದಾದರೂ ಸರಿ, ಎಲ್ಲಿ ಸಿಗುತ್ತೆ’ ಎನ್ನತೊಡಗಿದರು.

ಮೇ 1ರಿಂದ ಹದಿನೆಂಟು ದಾಟಿದ ಎಲ್ಲರಿಗೂ ಲಸಿಕೆ ಎಂದು ಕೇಂದ್ರ ಸಾರಿತ್ತು. ಕರ್ನಾಟಕದಲ್ಲಿ ಅದು ಶುರುವಾಗಿದ್ದು ಮೇ 10ಕ್ಕೆ. ಮೇ 14ಕ್ಕೆ ತಾತ್ಕಾಲಿಕ ಸ್ಥಗಿತ. ಇದ್ದಷ್ಟು ಸೀಸೆ ಎರಡನೇ ಡೋಸ್‌ಗೆ ಕಾದಿದ್ದ ಹಿರಿಯರಿಗೇ ಸಾಲದಾಗಿತ್ತು. ಎರಡು ಕೋಟಿ ಡೋಸ್‌ಗೆ ರಾಜ್ಯ ಕರೆದ ಜಾಗತಿಕ ಟೆಂಡರ್ ಫಲ ಕೊಡಲಿಲ್ಲ. ನ್ಯಾಯಾಲಯಗಳು ಪ್ರಶ್ನಿಸಿದಾಗ, ಅಂದು ಕೇಂದ್ರ ಸಚಿವರಾಗಿದ್ದ ಡಿ.ವಿ. ಸದಾನಂದ ಗೌಡರು ಲಸಿಕೆ ತಯಾರೇ ಆಗದಿದ್ದರೆ ನಾವೇನು ನೇಣು ಹಾಕಿಕೊಳ್ಳಬೇಕೇ ಎಂದು ಪತ್ರಕರ್ತರನ್ನು ಕೇಳಿದರು. ಮಾತು ಒರಟು. ಆದರೆ ಆ ತಿಂಗಳು ಅಧಿಕಾರದಲ್ಲಿದ್ದವರ ಬಾಯಿಂದ ಬಂದ ಅತ್ಯಂತ ಪ್ರಾಮಾಣಿಕ ಮಾತೂ ಅದೇ ಇರಬಹುದು.

ನಗರದ ಯುವಕರು ಕೋವಿನ್ ತಾಣದ ಮುಂದೆ ಕೂತರು. ಪಿನ್‌ಕೋಡ್ ಹಾಕು, ಒಟಿಪಿ ಬರೆ, ಹಸಿರು ಚೌಕ ಕಂಡ ಕ್ಷಣ ಒತ್ತು. ಅಷ್ಟರಲ್ಲಿ ‘ಬುಕ್ಡ್’. ಕೋಡ್ ಬರೆಯಬಲ್ಲವರು ಸ್ಲಾಟ್ ಬಿಟ್ಟ ಕೂಡಲೇ ಟೆಲಿಗ್ರಾಂನಲ್ಲಿ ಗಂಟೆ ಬಾರಿಸುವ ವ್ಯವಸ್ಥೆ ಮಾಡಿಕೊಂಡರು. ಬೆಂಗಳೂರಿನ ಕಾರುಗಳು ಹಳ್ಳಿಯ ಆರೋಗ್ಯ ಕೇಂದ್ರಗಳ ಮುಂದೆ ಬಂದು ನಿಂತವು. ಸ್ಥಳೀಯರು ಬೇಲಿಯಾಚೆಯಿಂದ ನೋಡಿದರು: ತಮ್ಮೂರಿನ ಲಸಿಕೆ ತಮ್ಮೂರಿಗೆ ಬಂದು, ಫೋನ್ ಇದ್ದವರ ತೋಳು ಸೇರಿ ಹೋಯಿತು.

ಆ ತಾಣದಲ್ಲಿ ಕನ್ನಡ ಕಾಣಿಸಿದ್ದು ಜೂನ್‌ನಲ್ಲಿ. ಅಲ್ಲಿಯವರೆಗೆ ಇಂಗ್ಲಿಷ್ ಬಲ್ಲವರಿಗೆ ಮಾತ್ರ ಸೋಂಕು ತಗಲುತ್ತದೆ ಎಂದು ಯಾರೋ ಭಾವಿಸಿದಂತಿತ್ತು. ಈ ಡಿಜಿಟಲ್ ಕಂದಕವನ್ನು ಸುಪ್ರೀಂ ಕೋರ್ಟ್ ಮೇ 31ರ ಆದೇಶದಲ್ಲಿ ಎತ್ತಿ ತೋರಿಸಿತು. 18ರಿಂದ 44 ವರ್ಷದವರು ದುಡ್ಡು ಕೊಡಬೇಕೆಂಬ ನೀತಿ ಮೇಲ್ನೋಟಕ್ಕೆ ಮನಸೋಇಚ್ಛೆಯದು, ತರ್ಕರಹಿತವಾದದ್ದು ಎಂದಿತು. ಜೂನ್ 7ರಂದು ಪ್ರಧಾನಿ ನೀತಿ ಬದಲಿಸಿದರು. ಜೂನ್ 21ರಿಂದ ಸರ್ಕಾರಿ ಕೇಂದ್ರಗಳಲ್ಲಿ ಎಲ್ಲರಿಗೂ ಉಚಿತವಾಯಿತು, ಆ ಒಂದೇ ದಿನ 80 ಲಕ್ಷಕ್ಕೂ ಹೆಚ್ಚು ಡೋಸ್ ಹೋಯಿತು.

ಬಾಕ್ಸ್ | ಒಂದೇ ಸೀಸೆ, ಎಷ್ಟೊಂದು ಬೆಲೆ

ಮಾರ್ಚ್ 2021: ಖಾಸಗಿ ಆಸ್ಪತ್ರೆಯಲ್ಲಿ ಡೋಸ್‌ಗೆ ₹250.

ಏಪ್ರಿಲ್: ಕೋವಿಶೀಲ್ಡ್ ರಾಜ್ಯಗಳಿಗೆ ₹400, ಖಾಸಗಿಗೆ ₹600 ಎಂದು ಘೋಷಣೆ. ಕೋವ್ಯಾಕ್ಸಿನ್ ರಾಜ್ಯಗಳಿಗೆ ₹600, ಖಾಸಗಿಗೆ ₹1,200. ಗದ್ದಲವಾದ ಮೇಲೆ ರಾಜ್ಯಗಳ ದರ ಕ್ರಮವಾಗಿ ₹300 ಮತ್ತು ₹400ಕ್ಕೆ ಇಳಿಯಿತು.

ಜೂನ್: ಖಾಸಗಿ ಆಸ್ಪತ್ರೆಗಳಿಗೆ ಗರಿಷ್ಠ ದರ ನಿಗದಿ. ಕೋವಿಶೀಲ್ಡ್ ₹780, ಕೋವ್ಯಾಕ್ಸಿನ್ ₹1,410, ರಷ್ಯಾದ ಸ್ಪುಟ್ನಿಕ್ ₹1,145.

‘ಜ್ವರ ಬಂದ್ರೆ ಕೂಲಿ ಯಾರು ಕೊಡ್ತಾರೆ?’

ಹಳ್ಳಿಗಳಲ್ಲಿ ಕತೆ ಬೇರೆ. ಪೇಟೆಯಲ್ಲಿ ಸ್ಲಾಟಿಗೆ ಕಾದಾಟ ನಡೆದಿದ್ದಾಗಲೇ ಎಷ್ಟೋ ಹಟ್ಟಿ, ತಾಂಡಾಗಳಲ್ಲಿ ಆಶಾ ಕಾರ್ಯಕರ್ತೆ ಬರುವುದನ್ನು ಕಂಡು ಬಾಗಿಲು ಹಾಕಿಕೊಂಡವರಿದ್ದರು.

ವಾಟ್ಸ್‌ಆ್ಯಪ್ ತನ್ನ ಪಾಲಿನ ಕೆಲಸ ಮಾಡಿತ್ತು. ಲಸಿಕೆ ಪಡೆದವರೆಲ್ಲ ಎರಡು ವರ್ಷದಲ್ಲಿ ಸಾಯುತ್ತಾರೆ ಎಂದು ನೊಬೆಲ್ ಪುರಸ್ಕೃತ ಫ್ರೆಂಚ್ ವಿಜ್ಞಾನಿ ಲುಕ್ ಮೊಂಟಾನ್ಯೇ ಹೇಳಿದ್ದಾರೆಂಬ ಸಂದೇಶ ಹರಿದಾಡಿತು. ಅವರು ಹಾಗೆ ಹೇಳಿರಲಿಲ್ಲ. ಲಸಿಕೆ ಹಾಕಿಸಿಕೊಂಡ ತೋಳಿಗೆ ನಾಣ್ಯ, ಚಮಚ ಅಂಟುವ ವಿಡಿಯೊ ಬಂತು. ಮಕ್ಕಳಾಗುವುದಿಲ್ಲ ಎಂಬ ಗುಸುಗುಸು ಹೊಸ ಮದುಮಕ್ಕಳ ಮನೆಗಳಲ್ಲಿ ಕೂತಿತು. ಗರ್ಭಿಣಿಯರಿಗೆ ಅನುಮತಿ ಸಿಕ್ಕಿದ್ದೇ ಜುಲೈ 2ಕ್ಕೆ, ಹಾಗಾಗಿ ಅಲ್ಲಿಯವರೆಗೆ ‘ಏನೋ ಇರಬೇಕು’ ಎಂಬ ಮಾತಿಗೆ ಉತ್ತರವೂ ಇರಲಿಲ್ಲ. ಗಂಡಸರ ಪ್ರಶ್ನೆ ಹೆಚ್ಚು ನೇರ: ‘ಎಣ್ಣೆ ಎಷ್ಟು ದಿನ ಬಿಡಬೇಕು ಸಾರ್?’

ಆದರೆ ವದಂತಿಯ ಪಟ್ಟಿ ಮಾಡಿ ಜನರನ್ನು ನೋಡಿ ನಕ್ಕುಬಿಡುವುದು ಸುಲಭ. ಹೆಚ್ಚು ಕೇಳಿಬಂದ ಆತಂಕ ವದಂತಿಯಾಗಿರಲಿಲ್ಲ, ಲೆಕ್ಕಾಚಾರವಾಗಿತ್ತು. ಲಸಿಕೆ ಪಡೆದ ರಾತ್ರಿ ಜ್ವರ, ಮೈಕೈ ನೋವು ಬರುತ್ತದೆ. ಅದನ್ನು ವೈದ್ಯರೇ ಹೇಳುತ್ತಿದ್ದರು, ಎರಡು ಪ್ಯಾರಾಸಿಟಮಾಲ್ ಕೈಗಿಡುತ್ತಿದ್ದರು. ಸಂಬಳದವನಿಗೆ ಅದು ಒಂದು ದಿನದ ರಜೆ. ಮುಂಗಾರು ಬಿತ್ತನೆಯ ಹೊತ್ತಿನಲ್ಲಿ ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಅದು ಎರಡು ದಿನದ ದುಡಿಮೆ.

‘ಅಕ್ಕಾ, ಸೂಜಿ ಪುಕ್ಕಟೆ ಅಂತೀಯ. ಜ್ವರ ಬಂದ್ರೆ ಕೂಲಿ ಯಾರು ಕೊಡ್ತಾರೆ?’

ಲಾಕ್‌ಡೌನಿನಲ್ಲಿ ಆಗಲೇ ವಾರಗಟ್ಟಲೆ ಕೂಲಿ ಕಳೆದುಕೊಂಡವರ ಪ್ರಶ್ನೆ ಇದು. ಸರ್ಕಾರದ ಯಾವ ಪೋಸ್ಟರಿನಲ್ಲೂ ನಾನು ಇದಕ್ಕೆ ಉತ್ತರ ಕಾಣಲಿಲ್ಲ. ಉತ್ತರ ಹುಡುಕಿದ್ದು ಆಶಾ ಕಾರ್ಯಕರ್ತೆಯರೇ. ಶನಿವಾರ ಸಂಜೆ ಹಾಕಿಸಿಕೋ, ಭಾನುವಾರ ಮಲಗು. ಇವತ್ತು ನೀನು, ನಿನ್ನ ಗಂಡ ಮುಂದಿನ ವಾರ. ಹೊಲಕ್ಕೆ ಬಂದೇ ಹಾಕುತ್ತೇವೆ, ನಡೆಯುವುದು ಬೇಡ. ಮೊದಲು ನನ್ನ ತೋಳು ನೋಡು, ಸತ್ತಿದ್ದೀನಾ?

ಈ ಹೆಣ್ಣುಮಕ್ಕಳು ರಾಜ್ಯದಲ್ಲಿ ಸುಮಾರು 42 ಸಾವಿರ. 2020ರ ಜುಲೈನಲ್ಲಿ, ಸೋಂಕಿನ ನಡುವೆಯೇ, ನಿಗದಿತ ಗೌರವಧನ ಮತ್ತು ಸುರಕ್ಷಾ ಸಾಮಗ್ರಿ ಕೇಳಿ ಮುಷ್ಕರ ಹೂಡಿದ್ದವರು ಇವರೇ. ಮರುವರ್ಷ ಸರ್ಕಾರದ ಮಾತನ್ನು ನಂಬದ ಊರು ಇವರ ಮಾತನ್ನು ನಂಬಿತು. ಇವರು ಆ ಊರಿನ ಹೆರಿಗೆಗೆ ಓಡಿದವರು, ಮಕ್ಕಳಿಗೆ ಪೋಲಿಯೊ ಹನಿ ಹಾಕಿದವರು. ಕೋವಿನ್ ತಂತ್ರಜ್ಞಾನಕ್ಕೆ ದೇಶ ವಿದೇಶದಲ್ಲಿ ಹೊಗಳಿಕೆ ಸಿಕ್ಕಿತು, ಸಿಗಲಿ. ಕೊನೆಯ ಮೈಲಿ ನಡೆದದ್ದು ಚಪ್ಪಲಿ ಸವೆದ ಕಾಲು.

ಸೂಜಿ ಹಿಡಿದವರ ಕೈಚಳಕವನ್ನೂ ಹೇಳಬೇಕು. ಸೀಸೆಯಲ್ಲಿ ಹತ್ತು ಡೋಸ್‌ಗಿಂತ ತುಸು ಹೆಚ್ಚೇ ತುಂಬಿರುತ್ತಾರೆ. ಜಾಗರೂಕತೆಯಿಂದ ಎಳೆದರೆ ಹನ್ನೊಂದನೆಯವರಿಗೂ ಆಗುತ್ತದೆ. ಕೇರಳದ ನರ್ಸ್‌ಗಳು ಮೇ ಆರಂಭದ ಹೊತ್ತಿಗೆ ತಮಗೆ ಬಂದ 73.38 ಲಕ್ಷ ಡೋಸ್‌ನಿಂದ 74.26 ಲಕ್ಷ ಡೋಸ್ ಹಾಕಿ ತೋರಿಸಿದರು. ಹಂಚಿಕೆಯ ವರ್ಷದಲ್ಲಿ ಯಾರೂ ಬೇಡಿಕೆ ಸಲ್ಲಿಸದೆ ಹುಟ್ಟಿಕೊಂಡ 88 ಸಾವಿರ ಡೋಸ್ ಅದು.

ಬಾಕ್ಸ್ | ಮೈಸೂರಿನ ರಾಣಿಯರ ತೋಳು

ಭಾರತದಲ್ಲಿ ಮೊದಲ ಲಸಿಕೆ ಪಡೆದದ್ದು ಮುಂಬೈನ ಮೂರು ವರ್ಷದ ಹುಡುಗಿ ಆ್ಯನಾ ಡಸ್ಟ್‌ಹಾಲ್, 1802ರ ಜೂನ್ 14ರಂದು, ಸಿಡುಬಿನ ವಿರುದ್ಧ. ಲಸಿಕೆ ತೋಳಿನಿಂದ ತೋಳಿಗೆ ದಾಟುತ್ತಾ ಬಾಗ್ದಾದ್, ಬಸ್ರಾ ಮಾರ್ಗವಾಗಿ ಬಂದಿತ್ತು.

1805ರ ಸುಮಾರಿಗೆ ಚಿತ್ರಕಾರ ಥಾಮಸ್ ಹಿಕ್ಕಿ ಮೈಸೂರು ಅರಮನೆಯ ಮೂವರು ಸ್ತ್ರೀಯರನ್ನು ಬರೆದ. ಒಬ್ಬಳ ಸೀರೆ ಸರಿದು ತೋಳು ಕಾಣುತ್ತದೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸುತ್ತಿದ್ದಾಳೆ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ. ಅವರು ಹೇಳುವುದು ನಿಜವಾದರೆ ಇದು ಲಸಿಕೆಯ ಪ್ರಚಾರಕ್ಕೆ ಗಣ್ಯರನ್ನು ಬಳಸಿಕೊಂಡ ತೀರಾ ಹಳೆಯ ನಿದರ್ಶನಗಳಲ್ಲಿ ಒಂದು.

ಮುಲ್ಕೋವಾಲ್‌ನ ಸೀಸೆ

ಅನುಮಾನಕ್ಕೂ ಇತಿಹಾಸವಿದೆ. ಮುಂಬೈನಲ್ಲಿ ಪ್ಲೇಗ್ ಲಸಿಕೆ ಸಿದ್ಧಪಡಿಸಿದ ವಾಲ್ಡೆಮರ್ ಹಾಫ್‌ಕಿನ್ 1897ರ ಜನವರಿ 10ರಂದು ಅದನ್ನು ಮೊದಲು ಚುಚ್ಚಿಕೊಂಡದ್ದು ತನಗೇ. ಮರುವರ್ಷ ಬೆಂಗಳೂರಿಗೂ ಪ್ಲೇಗ್ ಬಂತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು, ಪ್ಲೇಗಮ್ಮನಿಗೆ ಗುಡಿಗಳು ಎದ್ದದ್ದು ಆ ಕಾಲದಲ್ಲೇ.

1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದು ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹೊಣೆ ಹಾಫ್‌ಕಿನ್ ತಲೆಗೆ ಬಂತು, ಹುದ್ದೆ ಹೋಯಿತು. ಅವರ ತಪ್ಪಿರಲಿಲ್ಲ, ಸೀಸೆಗೆ ಸೋಂಕು ತಗುಲಿದ್ದು ಹಳ್ಳಿಯಲ್ಲೇ ಎಂಬ ವಾದಕ್ಕೆ ಮನ್ನಣೆ ಸಿಕ್ಕಿದ್ದು 1907ಕ್ಕೆ. ಐದು ವರ್ಷ ತಡವಾಗಿ ಬಂದ ಸತ್ಯ ಆ ಊರಿನವರನ್ನು ತಲುಪಿತೋ ಇಲ್ಲವೋ ಯಾರು ಬಲ್ಲರು.

ಹಾಸನದ ಹೃದಯ

ನಮ್ಮ ಕಾಲದ ಸತ್ಯವೂ ಹೆಚ್ಚೇನೂ ಚುರುಕಾಗಿ ನಡೆಯಲಿಲ್ಲ.

ಆಸ್ಟ್ರಾಜೆನೆಕಾ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ, ಪ್ಲೇಟ್‌ಲೆಟ್ ಕುಸಿಯುವ ತೊಂದರೆ ಆಗಬಹುದೆಂದು ಯುರೋಪಿನ ಔಷಧ ನಿಯಂತ್ರಕರು 2021ರ ಏಪ್ರಿಲ್‌ನಲ್ಲೇ ಹೇಳಿದರು. ಡೆನ್ಮಾರ್ಕ್ ಅದನ್ನು ಕೈಬಿಟ್ಟಿತು. ಭಾರತದ ಆರೋಗ್ಯ ಸಚಿವಾಲಯ ಮೇ 17ರಂದು ಪ್ರಕಟಣೆ ಹೊರಡಿಸಿ, ಅಂಥ 26 ಸಂಭವನೀಯ ಪ್ರಕರಣ ಕಂಡಿವೆ, ಹತ್ತು ಲಕ್ಷ ಡೋಸ್‌ಗೆ 0.61 ಪ್ರಮಾಣ ಎಂದಿತು. ಆ ದಿನಗಳಲ್ಲಿ ಆಮ್ಲಜನಕದ ಸಿಲಿಂಡರ್ ಹುಡುಕುತ್ತಿದ್ದ ಯಾರು ಅದನ್ನು ಓದಿದರು? ಮೂರು ವರ್ಷದ ನಂತರ, ಬ್ರಿಟನ್ನಿನ ನ್ಯಾಯಾಲಯದಲ್ಲಿ ಕಂಪನಿ ಅದನ್ನೇ ಒಪ್ಪಿಕೊಂಡದ್ದು 2024ರ ಏಪ್ರಿಲ್‌ನಲ್ಲಿ ಬಯಲಾದಾಗ ಇಲ್ಲಿ ಟಿ.ವಿ.ಗಳಿಗೆ ಅದು ಬ್ರೇಕಿಂಗ್ ನ್ಯೂಸ್. ಕೋಟ್ಯಂತರ ಜನ ತಮ್ಮ ತೋಳು ಮುಟ್ಟಿ ನೋಡಿಕೊಂಡರು. ಈ ತೊಂದರೆ ಕಾಣಿಸುವುದಿದ್ದರೆ ಸಾಮಾನ್ಯವಾಗಿ ಲಸಿಕೆ ಪಡೆದ ಕೆಲವೇ ವಾರಗಳಲ್ಲಿ ಎಂಬ ಮಾತು ಆ ಗದ್ದಲದಲ್ಲಿ ಕೇಳಲಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹಠಾತ್ತನೆ ಹೋದಾಗಲೇ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದಿದ್ದರು. 2025ರ ಬೇಸಿಗೆ ಕೊನೆಯಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಹೃದಯಾಘಾತದ ಸುದ್ದಿ ಒಂದರ ಹಿಂದೊಂದು ಬಂತು. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು, ಅದರಲ್ಲಿ ಯುವಕರೂ ಇದ್ದರು. ಬೆಂಗಳೂರು, ಮೈಸೂರಿನ ಜಯದೇವ ಮತ್ತೆ ತುಂಬಿತು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವಸರದಲ್ಲಿ ಅನುಮತಿ ಪಡೆದ ಲಸಿಕೆಯೂ ಕಾರಣವಿರಬಹುದು ಎಂಬರ್ಥದ ಮಾತಾಡಿದರು. ಮಾರನೇ ದಿನ ಕೇಂದ್ರ ಆರೋಗ್ಯ ಸಚಿವಾಲಯ ಅಲ್ಲಗಳೆಯಿತು. ಉದ್ಯಮಿ ಕಿರಣ್ ಮಜುಂದಾರ್ ಶಾ ಕೂಡ ಆಕ್ಷೇಪಿಸಿದರು.

ಅಧ್ಯಯನ ಏನು ಹೇಳಿತು? ದೇಶದ 47 ಆಸ್ಪತ್ರೆಗಳಲ್ಲಿ ಐಸಿಎಂಆರ್ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ 18ರಿಂದ 45 ವರ್ಷದೊಳಗಿನ 729 ಹಠಾತ್ ಸಾವುಗಳನ್ನು ಪರಿಶೀಲಿಸಿತ್ತು. ಲಸಿಕೆ ಅಪಾಯ ಹೆಚ್ಚಿಸಿರಲಿಲ್ಲ, ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಅಪಾಯ ಹೆಚ್ಚಿಸಿದ್ದು ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ಮಿತಿಮೀರಿದ ಕುಡಿತ, ಸಾವಿನ ಹಿಂದಿನ ಎರಡು ದಿನಗಳ ಅತಿಯಾದ ದೈಹಿಕ ಶ್ರಮ. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ರಾಜ್ಯದ ಸಮಿತಿಯೂ ಲಸಿಕೆಗೂ ಅಕಾಲಿಕ ಹೃದ್ರೋಗಕ್ಕೂ ನಂಟಿಲ್ಲ ಎಂದೇ ವರದಿ ಕೊಟ್ಟಿತು.

ಮಗನನ್ನು ಕಳೆದುಕೊಂಡ ತಾಯಿಗೆ 729ರ ಲೆಕ್ಕ ಸಮಾಧಾನ ತರುವುದಿಲ್ಲ, ನಿಜ. ಆದರೆ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕೂತವರು ತಾವೇ ನೇಮಿಸಿದ ಸಮಿತಿಯ ವರದಿ ಕೈಗೆ ಬರುವವರೆಗಾದರೂ ಕಾಯಬಹುದಿತ್ತು. ಲಸಿಕೆಯನ್ನು ಪ್ರಶ್ನಿಸಿದವರನ್ನೆಲ್ಲ ದೇಶದ್ರೋಹಿಗಳಂತೆ ಕಂಡ ಇನ್ನೊಂದು ಪಕ್ಷದವರಿಗೂ ಈ ಮಾತಿನ ಪಾಲು ಸೇರಬೇಕು.

ಲೆಕ್ಕ ಮತ್ತು ಹಕ್ಕು

2021ರ ಅಕ್ಟೋಬರ್ 21ಕ್ಕೆ ನೂರು ಕೋಟಿ ಡೋಸ್. 2022ರ ಜುಲೈ 17ಕ್ಕೆ ಇನ್ನೂರು ಕೋಟಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ಪ್ರಕಟಿಸಿದ ಅಂದಾಜಿನಂತೆ ಲಸಿಕೆ ಮೊದಲ ವರ್ಷ ಭಾರತದಲ್ಲಿ ಉಳಿಸಿದ ಜೀವ ಸುಮಾರು 42 ಲಕ್ಷ. ಗಣಿತ ಮಾದರಿಯ ಲೆಕ್ಕವಿದು, ತಲೆ ಎಣಿಕೆಯಲ್ಲ. ಅದರ ಅರ್ಧವೇ ಸರಿಯೆಂದರೂ ಅಭಿಯಾನ ಗೆದ್ದಿತು ಎನ್ನಲು ಸಾಕು.

ಗೆಲ್ಲದೆ ಉಳಿದದ್ದು ಮಾಹಿತಿಯ ವಿಷಯ. 2022ರ ಮೇ 2ರಂದು ಸುಪ್ರೀಂ ಕೋರ್ಟ್ ಡಾ. ಜೇಕಬ್ ಪುಲಿಯೆಲ್ ಅವರ ಅರ್ಜಿಯ ಮೇಲೆ ಕೊಟ್ಟ ತೀರ್ಪು ಎರಡು ಮಾತು ಹೇಳಿತ್ತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ಲಸಿಕೆಯ ನಂತರದ ಅಡ್ಡ ಪರಿಣಾಮಗಳನ್ನು ಸಾಮಾನ್ಯ ಜನರೂ ಖಾಸಗಿ ವೈದ್ಯರೂ ವರದಿ ಮಾಡುವಂತಾಗಬೇಕು, ಆ ವರದಿಗಳು ವ್ಯಕ್ತಿಯ ಗುರುತು ಬಿಟ್ಟುಕೊಡದೆ ಜನರಿಗೆ ಸಿಗಬೇಕು. ಮೊದಲನೆಯದು ಎಲ್ಲರಿಗೂ ನೆನಪಿದೆ. ಎರಡನೆಯದನ್ನು ನೆನೆಯುವವರು ಕಡಿಮೆ.

ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ಕೋವಿಡ್ ಲಸಿಕೆ ಇರಲಿ, ಮಗುವಿನ ಪೆಂಟಾ ಇರಲಿ, ಯಾವುದೇ ಲಸಿಕೆಯ ನಂತರ ಮನೆಯಲ್ಲಿ ಯಾರಿಗಾದರೂ ಗಂಭೀರ ತೊಂದರೆ ಆದರೆ ಗುಂಪಿಗೆ ಫಾರ್ವರ್ಡ್ ಮಾಡುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಸಿ. ವರದಿ ನಮೂನೆ ತುಂಬಿಸಲು ಕೇಳಿ. ಲಸಿಕೆ ಹಾಕಿದ ದಿನಾಂಕ, ಕಾರ್ಡಿನ ಮೇಲಿನ ಬ್ಯಾಚ್ ಸಂಖ್ಯೆ ಕೊಡಿ. ಅದು ಜಿಲ್ಲಾ ಲಸಿಕಾ ಅಧಿಕಾರಿಗೆ ಹೋಗುತ್ತದೆ, ತನಿಖೆಗೆ ಜಿಲ್ಲೆ, ರಾಜ್ಯ, ಕೇಂದ್ರ ಮಟ್ಟದಲ್ಲಿ ಸಮಿತಿಗಳಿವೆ. ಬರೆದುಕೊಳ್ಳಲು ಒಲ್ಲೆ ಎಂದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ.